ಬೀರುವಿನಲ್ಲಿಟ್ಟ ವೈಫೈ

ಹೊಳೆಯ ಮೇಲೆ ಮಂಜು ಇಳಿದರೆ ಆಶ್ರಮದಿಂದ ಆಚೆ ದಡ ಕಾಣುವುದಿಲ್ಲ. ಆಚೆ ದಡ ಒಂದಿದೆ ಎಂಬುದನ್ನೇ ಕೆಲವರು ಮರೆತುಬಿಡುತ್ತಾರೆ. ಶಿಷ್ಯ ಸೋಮಲಿಂಗ ಅದನ್ನು ಮರೆತು ವರ್ಷಗಳಾಗಿದ್ದವು.

ಅಂದು ಬೆಳಿಗ್ಗೆ ದೋಣಿಯವನು ಸುದ್ದಿ ತಂದ. ಸೋಮಲಿಂಗನ ಅಕ್ಕ ಶಿವಗಂಗಾ ದೂರದ ಊರಿನ ಆಸ್ಪತ್ರೆಯಲ್ಲಿದ್ದಾಳೆ. ನಾಳೆ ಎದೆಯ ಆಪರೇಷನ್. ಅದಕ್ಕೆ ಮೊದಲು ತಮ್ಮನ ಮುಖ ಒಮ್ಮೆ ನೋಡಬೇಕಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಡಿಯೋ ಕರೆಗೆ ಕಾದಿರುತ್ತಾಳಂತೆ.

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅವಳೇ. ಅವಳಿಗೆ ಒಂದು ಮಾತೂ ಹೇಳದೆ ಅವನು ಆಶ್ರಮ ಸೇರಿದ್ದ.

ಆಶ್ರಮದಲ್ಲಿ ಯಾರೂ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಇರುವುದು ಒಂದೇ ಕಂಪ್ಯೂಟರ್, ಅದೂ ಗುರುಗಳ ಪ್ರವಚನ ಕಳಿಸುವುದಕ್ಕೆ. ಸಂಜೆಯ ಕೆಲಸ ಸುಸೂತ್ರವಾಗಲಿ ಎಂದು ಸೋಮಲಿಂಗ ವೈಫೈ ಡಬ್ಬಿಯನ್ನು ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸಿದ. ಗುರುಗಳ ಮಾತು ಹೊರಡುವ ಡಬ್ಬಿ ಕಂಡಕಂಡಲ್ಲಿ ಇರಬಾರದೆಂದು, ದೇವರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ತಾಳೆಗರಿಗಳ ಜೊತೆ ಕೂರಿಸಿ ಬಾಗಿಲು ಹಾಕಿದ. ವೈರು ಮಾತ್ರ ಹಿಂದಿನ ತೂತಿನಿಂದ ಹೊರಗೆ ಬಂತು. ಭಕ್ತಿಯಲ್ಲಿ ಅವನದು ಯಾವಾಗಲೂ ಒಂದು ಕೈ ಮೇಲೆ.

ಸಂಜೆ ಕಂಪ್ಯೂಟರ್ ಮುಂದೆ ಕೂತ. ನೆಟ್ ಬರಲಿಲ್ಲ.

ಆಫ್ ಮಾಡಿ ಆನ್ ಮಾಡಿದ. ಪಾಸ್‌ವರ್ಡ್ ಅಳಿಸಿ ಮತ್ತೆ ಹೊಡೆದ. ಕಂಪ್ಯೂಟರಿನ ಹಿಂದೆ ಚುಚ್ಚಿದ್ದ ವೈಫೈ ಕಡ್ಡಿಯನ್ನು ಕಿತ್ತು, ಊದಿ, ಬೇರೆ ಕಡೆ ಚುಚ್ಚಿದ. ಕಿಟಕಿಯಿಂದ ಮಂಜು ಒಳಗೆ ಬಂದು ಮೇಜಿನ ಕಾಲುಗಳ ನಡುವೆ ಸುಳಿದಾಡಿತು. ಹೊರಗೆ ಯಾರೋ ದೀಪ ಹಚ್ಚಿದರು. ಅವನಿಗೆ ಅಳು ಬಂತು.

ಗುರುಗಳು ಬಂದು ಪಕ್ಕದಲ್ಲಿ ನಿಂತರು. ಏನೇನು ನೋಡಿದೆ ಎಂದು ಕೇಳಿದರು. ಅವನು ಎಲ್ಲವನ್ನೂ ಹೇಳಿದ.

"ಇದಕ್ಕೆ ನೆಟ್ ಎಲ್ಲಿಂದ ಬರುತ್ತೆ?"

"ವೈಫೈ ಡಬ್ಬಿಯಿಂದ, ಗುರುಗಳೇ."

"ಅದನ್ನ ನೋಡಿದೆಯಾ?"

"ಅದರಲ್ಲಿ ಏನೂ ತೊಂದರೆ ಇರಲ್ಲ. ಬೆಳಿಗ್ಗೆ ತಾನೇ ಪೂಜೆ ಮಾಡಿದ್ದೀನಿ."

ಗುರುಗಳು ನಗಲಿಲ್ಲ. ನಗದೆ ಇರುವುದು ಅವರಿಗೂ ಕಷ್ಟವೇ ಆಗಿರಬೇಕು. ಎದ್ದು ಬಾ ಎಂದು ಅವನನ್ನು ದೇವರ ಕೋಣೆಯ ಹೊಸಿಲಲ್ಲಿ ನಿಲ್ಲಿಸಿದರು. ತಾವು ಬೀರು ತೆರೆದು, ತಲೆಯನ್ನು ಒಳಗೆ ತೂರಿಸಿ, ಬಾಗಿಲನ್ನು ಕತ್ತಿನವರೆಗೆ ಎಳೆದುಕೊಂಡು ಮೆಲ್ಲಗೆ ಏನೋ ಹೇಳಿದರು.

"ಕೇಳಿಸಲಿಲ್ಲ, ಗುರುಗಳೇ."

ಗುರುಗಳು ಮತ್ತೂ ಏನೋ ಹೇಳಿದರು. ಬೀರು ಗುಂಯ್‌ಗುಟ್ಟಿತು, ಅಷ್ಟೇ.

ಆಮೇಲೆ ತಲೆ ಹೊರಗೆ ತೆಗೆದರು. ಗಡ್ಡದ ತುಂಬ ತಾಳೆಗರಿಯ ಧೂಳು.

"ಪೂಜೆ ಮಾಡಿದ್ದು ಸರಿ," ಎಂದರು. "ಬಾಗಿಲು ಯಾಕೆ ಹಾಕಿದೆ?"

ಸೋಮಲಿಂಗ ತಲೆ ತಗ್ಗಿಸಿದ. ಡಬ್ಬಿಯನ್ನು ತಂದು ಕಂಪ್ಯೂಟರ್ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟ. ಮಂಜಿನಲ್ಲಿ ಅದರ ಹಸಿರು ದೀಪ ಮಿಣುಕಿತು. ನೆಟ್ ಬಂತು. ಪರದೆಯ ಮೇಲೆ ಅಕ್ಕ ಮೂಡಿದಳು. ತೀರಾ ಸೊರಗಿದ್ದಳು. ದಿಂಬಿನ ಮೇಲೆ ಬಿಳಿಗೂದಲು ಹರಡಿತ್ತು. ಅವಳ ತಲೆ ಬೆಳ್ಳಗಾದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ಅಕ್ಕಾ, ತಪ್ಪಾಯ್ತು. ನಿನಗೆ ಹೇಳಿ ಬರಬೇಕಿತ್ತು."

ಉತ್ತರವಿಲ್ಲ. ತುಟಿ ಅಲುಗಲಿಲ್ಲ. ರೆಪ್ಪೆ ಮಿಟುಕಲಿಲ್ಲ.

"ಕೇಳಿಸ್ತಿದೆಯಾ ಅಕ್ಕಾ?"

ಅವಳು ಹಾಗೇ ಇದ್ದಳು.

"ಮತ್ತೆ ಹೋಯ್ತು ಗುರುಗಳೇ. ಚಿತ್ರ ನಿಂತುಬಿಟ್ಟಿದೆ," ಎನ್ನುತ್ತಾ ಅವನು ಸ್ವಿಚ್ಚಿನತ್ತ ಕೈ ಚಾಚಿದ.

ಗುರುಗಳು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. ಪರದೆಯಲ್ಲಿ, ಅಕ್ಕನ ತಲೆಯ ಹಿಂದೆ ತೂಗುಹಾಕಿದ್ದ ಗ್ಲೂಕೋಸ್ ಬಾಟಲಿಯಿಂದ ಹನಿ ಬೀಳುತ್ತಲೇ ಇತ್ತು.

"ಏನೂ ನಿಂತಿಲ್ಲ ಮಗು. ಅವಳು ನಿನ್ನನ್ನ ನೋಡ್ತಿದ್ದಾಳೆ."