ಹೊಳೆಯ ಆಚೆ ನಿಂತ ಸ್ವರ

ಊರಿಗೆ ಪ್ಲೇಗು ಬಂದ ವರ್ಷ, ಸುಗ್ಗಿ ಮುಗಿದ ಮೇಲೆ ನಡೆದದ್ದು.

ಗಾಯನಗುರು ಬಾಳಕ್ಕನವರ ಶಿಷ್ಯೆ ಶಿವಗಂಗಾಳಿಗೆ ಜ್ವರ ಬಂದಿತು. ಹೊಳೆಯ ಆಚೆ ದಡದ ಗುಡಿಸಲಿನಲ್ಲಿ ಅವಳನ್ನು ಒಬ್ಬಳನ್ನೇ ಇರಿಸಿದರು.

ಜ್ವರ ಇಳಿಯಿತು. ಆದರೂ ಹುಣ್ಣಿಮೆಯವರೆಗೆ ಯಾರೂ ಅವಳ ಬಳಿ ಸುಳಿಯುವಂತಿರಲಿಲ್ಲ. ಅಂಬಿಗ ದುರ್ಗಪ್ಪ ದಿನವೂ ಅಲ್ಲಿನ ಬಂಡೆಯ ಮೇಲೆ ರೊಟ್ಟಿಯಿಟ್ಟು ಮರಳುತ್ತಿದ್ದ.

ಒಂದು ಸಂಜೆ ಅವನು ಗುರುವಿನ ಬಾಗಿಲಿಗೆ ಬಂದ.

"ನಿನ್ನಿ ರೊಟ್ಟಿ ಇಟ್ಟಲ್ಲೇ ಐತ್ರಿ, ಅಕ್ಕೋರ. ಹುಡುಗಿ ಎದ್ದು ಹೊರಗ ಬರವಲ್ಲಳು."

"ಹಾಡ್ತಾಳೇನು?"

"ಹಾಡವ್ವಾ ಅಂತ ನಾನೂ ಅಂದೆ. ಗ್ವಾಡಿಗೆ ಹಾಡಲೇನು ಅಂದ್ಳು."

ಮರುದಿನ ಬೆಳಗಿನಲ್ಲೇ ಬಾಳಕ್ಕ ತಂಬೂರಿ ಹೊತ್ತು ಈಚೆ ದಡದಲ್ಲಿ ಕುಳಿತರು.

"ಗಂಗಾ, ಹೊರಗ ಬಾ."

ಅವಳು ಬಾಗಿಲಿಗೆ ಬಂದಳು. "ಹಾಡು ಅನಬ್ಯಾಡ್ರಿ, ಅಕ್ಕೋರ. ಇಲ್ಲಿ ಕೇಳಾವ್ರು ಯಾರೂ ಇಲ್ಲ."

"ಹಾಡು ಅಂತ ಯಾರಂದ್ರು? ಕೂಡು."

ಬಾಳಕ್ಕನವರ ಮನೆಯ ಪಾಠಕ್ಕೆ ಒಂದು ನಿಯಮವಿತ್ತು. ಗುರು ಉಸಿರು ತೆಗೆದುಕೊಳ್ಳುವಾಗ ಹಿಂದೆ ಕುಳಿತ ಶಿಷ್ಯೆ ಆ ಸ್ವರವನ್ನು ಹಿಡಿದು ನಿಲ್ಲಿಸಬೇಕು. ಸ್ವರ ಕಡಿದರೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು.

ಬಾಳಕ್ಕ, ಪಾಠದಲ್ಲಿದ್ದಂತೆಯೇ, ಶಿಷ್ಯೆಗೆ ಬೆನ್ನು ಮಾಡಿ ಕುಳಿತು ಹಾಡಿದರು. ಮೇಲಿನ ಷಡ್ಜವನ್ನು ಮುಟ್ಟಿ ಉಸಿರಿಗೆ ನಿಂತರು.

ಆಚೆಯಿಂದ ಏನೂ ಬರಲಿಲ್ಲ.

ಗುರು ತಂಬೂರಿ ಎತ್ತಿಕೊಂಡು ಮನೆಗೆ ನಡೆದರು.

ಮರುದಿನವೂ ಹಾಗೆಯೇ ಆಯಿತು.

"ಅರ್ಧಾ ಹಾಡಿಗೆ ಇಷ್ಟು ದೂರ ಬರ್ತೀರಲ್ರಿ," ಎಂದ ದುರ್ಗಪ್ಪ.

"ಉಳಿದರ್ಧ ಆಚೆ ಐತಿ."

ಅದರ ಮರುದಿನ ಗುರು ಅದೇ ಷಡ್ಜದಲ್ಲಿ ನಿಂತರು. ಆಚೆ ದಡದಿಂದ ಸ್ವರ ಎದ್ದಿತು. ಒರಟಾಗಿತ್ತು, ಆದರೆ ಅಲುಗಲಿಲ್ಲ. ಗುರು ತಿರುಗಿ ನೋಡಲಿಲ್ಲ, ಹೊಗಳಲಿಲ್ಲ. ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಹೋದರು.

ಅಂದು ಬಂಡೆಯ ಮೇಲೆ ರೊಟ್ಟಿ ಉಳಿಯಲಿಲ್ಲ.

ಹುಣ್ಣಿಮೆಯ ದಿನ ದೋಣಿ ಅವಳನ್ನು ಕರೆತಂದಿತು. ಶಿವಗಂಗಾ ಗುರುವಿನ ಪಾದ ಮುಟ್ಟಿ, ತಂಬೂರಿ ಹಿಡಿದು, ಎಂದಿನಂತೆ ಹಿಂದೆ ಹೋಗಿ ಕುಳಿತಳು.

"ಮುಂದ ಬಾ. ನನ್ನ ಬಾಜೂಕ ಕೂಡು."

"ನನ್ನ ಜಾಗಾ ಹಿಂದಲ್ಲೇನ್ರಿ, ಅಕ್ಕೋರ? ನೀವು ಹಾಡಿದ್ದಕ್ಕ ನಾ ಉಳಿದೆ."

"ನಾ ಹಾಡಿದ್ದು ಅರ್ಧಾನ. ಹೊಳಿ ಆಚೆಯಿಂದ ನನ್ನ ಸ್ವರ ಬೀಳದಂಗ ಹಿಡಿದಾಕಿ, ಇನ್ನ ಹಿಂದ ಕೂಡಂಗಿಲ್ಲ."

ಅಲ್ಲಿದ್ದವರು: ಬಾಳಕ್ಕ, ಶಿವಗಂಗಾ, ಅಂಬಿಗ ದುರ್ಗಪ್ಪ.