ಮಡಕೆಯ ಬಾಯಿ

"ಗುರುಗಳೇ, ದುಃಖ ಬಂದಾಗ ಮನುಷ್ಯ ಸಣ್ಣ ಸಣ್ಣ ವಿಷಯಗಳನ್ನೇ ಏಕೆ ಹಿಡಿದುಕೊಂಡು ಕೂರುತ್ತಾನೆ?" ಎಂದು ಗಿರಿಯಪ್ಪ ಕೇಳಿದ.

ಗಿರಿಯಪ್ಪ ಆಶ್ರಮದ ಶಿಷ್ಯ. ತಾಯಿಯ ಉತ್ತರಕ್ರಿಯೆ ಮುಗಿಸಿಕೊಂಡು ಆ ಬೆಳಿಗ್ಗೆಯಷ್ಟೇ ಊರಿನಿಂದ ಹಿಂತಿರುಗಿದ್ದ. ಅವನು ಕೇಳಿದ್ದು ತನ್ನ ಅಣ್ಣನನ್ನು ಮನಸ್ಸಿನಲ್ಲಿಟ್ಟುಕೊಂಡು. ಎಡೆ ಇಡುವಾಗ ಬಾಳೆಲೆಯ ತುದಿ ಎಡಕ್ಕೆ ಬರಲಿಲ್ಲವೆಂದು ಅಣ್ಣ ನೆಂಟರೆದುರು ಹಾರಾಡಿದ್ದ. ಬಡಿಸುವವರ ಕೈಯಿಂದ ಎಲೆಗಳನ್ನು ಕಿತ್ತುಕೊಂಡಿದ್ದ. ಅದೇ ಮಾತನ್ನು ಊಟಕ್ಕೆ ಮೊದಲು ಎರಡು ಸಲ, ಊಟವಾದ ಮೇಲೆ ಮೂರು ಸಲ ಆಡಿದ್ದ. ಯಾರ ಮುಂದೆ ಆಡಿದ, ಆಗ ಯಾರು ಮುಖ ತಿರುಗಿಸಿದರು ಎಂಬುದನ್ನೆಲ್ಲ ಗಿರಿಯಪ್ಪ ಒಂದೂ ಬಿಡದೆ ಒಪ್ಪಿಸಿದ.

ಗುರುಗಳು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಒಂದು ಚಳಿಗಾಲದಲ್ಲಿ ಜ್ವರ ಬಂದು ಸತ್ತ. ಮೊದಲ ದಿನ ಕೈ ನಡುಗಿತು, ಮೂರನೆಯ ದಿನ ಮಾತು ನಿಂತಿತು, ನಾಲ್ಕನೆಯ ದಿನ ಅವನಿರಲಿಲ್ಲ. ಮದ್ದು ಕೊಡಿಸಬಹುದಿತ್ತೆಂದು ಆಮೇಲೆ ಯಾರೋ ಹೇಳಿದರು. ಉಳಿದವನು ಕಿರಿಯ ಮಗ. ತಿಗರಿಯ ಮುಂದೆ ಕೂತು ಮಣ್ಣು ಎತ್ತಿದನೆಂದರೆ ಅಪ್ಪನನ್ನೂ ಮೀರಿಸುತ್ತಿದ್ದ. ಅವನಿಗೆ ಹೆಣ್ಣು ಗೊತ್ತಾಗಿ, ಮದುವೆಗೆ ದಿನವನ್ನೂ ಇಟ್ಟಿದ್ದರು.

ಮರುವರ್ಷ ಮತ್ತೆ ಚಳಿ ಬಂತು. ಒಂದು ಬೆಳಿಗ್ಗೆ ಕಿರಿಯವನು ಮಾಡಿದ ಮಡಕೆಯ ಬಾಯಿ ಸೊಟ್ಟಗಾಯಿತು. ಕುಂಬಾರ ಮಡಕೆಯನ್ನು ನೋಡಿದ. ಮಗನ ಕೈಯನ್ನು ನೋಡಿದ. ಕೈ ನಡುಗುತ್ತಿತ್ತು. ಕುಂಬಾರನಿಗೆ ಹಿರಿಯ ಮಗನ ಆ ಮೊದಲ ದಿನ ನೆನಪಾಯಿತು. ಆದರೆ ಅವನು ಆಡಿದ ಮಾತೇ ಬೇರೆ. ಮಡಕೆಯ ಬಾಯಿ ಸೊಟ್ಟಗಿದೆ, ಇನ್ನೊಂದು ಸಲ ಮಾಡು ಎಂದ.

ಮಗ ಇನ್ನೊಂದು ಮಾಡಿದ. ಅದೂ ಸೊಟ್ಟ. ಕುಂಬಾರನಿಗೆ ಸಿಟ್ಟು ನೆತ್ತಿಗೇರಿತು. ಮಣ್ಣು ಸರಿಯಾಗಿ ತುಳಿದಿಲ್ಲ ಎಂದ. ನೀರು ಹೆಚ್ಚಾಯಿತು ಎಂದ. ತಿಗರಿಯ ಗೂಟ ಸಡಿಲವಾಗಿದೆ ಎಂದು ಅದನ್ನು ಕಿತ್ತು ಮತ್ತೆ ನೆಟ್ಟ. ಅಷ್ಟು ಶ್ರದ್ಧೆಯಿಂದ ಅವನು ಜನ್ಮದಲ್ಲಿ ಕೆಲಸ ಮಾಡಿರಲಿಲ್ಲ. ಹೆಂಡತಿ ಬಂದು ಮಗನ ಹಣೆ ಮುಟ್ಟಿ ನೋಡಿದಳು. ಹೊಳೆಯಾಚೆ ಪಂಡಿತರಿದ್ದಾರೆ, ಈಗಲೇ ಹೋಗಿ ಕರೆತನ್ನಿ ಎಂದು ಗೋಗರೆದಳು. ಈ ಮಡಕೆಗಳ ಬಾಯಿ ಒಂದು ಸರಿಹೋಗಲಿ, ಹೋಗುತ್ತೇನೆ ಎಂದ ಕುಂಬಾರ. ಎರಡನೆಯ ದಿನವೂ ಅದನ್ನೇ ಹೇಳಿದ. ಮಗ ಅಪ್ಪನಿಗೆ ಎದುರಾಡುವವನಲ್ಲ. ಹಲ್ಲು ಕಟಕಟ ಎನ್ನುತ್ತಿದ್ದರೂ ಕೂತು ಮಾಡಿದ.

ಮೂರನೆಯ ದಿನ ತಾಯಿಯೇ ಹೊಳೆ ದಾಟಿ ಪಂಡಿತರನ್ನು ಕರೆತಂದಳು. ಪಂಡಿತರು ನಾಡಿ ಹಿಡಿದರು.

"ಜ್ವರ ಬಂದು ಎಷ್ಟು ದಿನವಾಯಿತು?" ಎಂದು ಕೇಳಿದರು.

"ಮೂರು ದಿನದಿಂದ ಮಡಕೆಯ ಬಾಯಿ ಸರಿಯಾಗಿ ಬರುತ್ತಿಲ್ಲ, ಸ್ವಾಮಿ," ಎಂದ ಕುಂಬಾರ.

ಪಂಡಿತರಿಗೆ ಇವನೇನು ಹೇಳುತ್ತಿದ್ದಾನೆಂದು ಅರ್ಥವಾಗಲಿಲ್ಲ. ಹೆಂಡತಿಗೆ ಅರ್ಥವಾಯಿತು. ಮೊದಲ ದಿನವೇ ಕರೆದಿದ್ದರೆ ಮದ್ದು ಹಿಡಿಯುತ್ತಿತ್ತು, ಈಗ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಪಂಡಿತರು ಎದ್ದು ಹೋದರು. ಮರುದಿನ ಮಗ ಸತ್ತ.

ಹೆಣ ಎತ್ತುವ ಹೊತ್ತಾಯಿತು. ನೀರು ತುಂಬಿದ ಮಡಕೆಯನ್ನು ತಂದೆ ಹೆಗಲ ಮೇಲೆ ಹೊತ್ತು ಚಿತೆಯನ್ನು ಸುತ್ತಬೇಕು. ಕೊನೆಗೆ ಹಿಂದಕ್ಕೆ ಹಾಕಿ ಒಡೆಯಬೇಕು. ಮಗ ಆ ಮೂರು ದಿನ ಮಾಡಿದ ಮಡಕೆಗಳಲ್ಲೇ ಒಂದನ್ನು ಯಾರೋ ತಂದುಕೊಟ್ಟರು. ಕುಂಬಾರ ಅದನ್ನು ತಿರುಗಿಸಿ ನೋಡಿದ. ಬಾಯಿ ಸೊಟ್ಟಗಿದೆ, ಬೇರೆ ತನ್ನಿ ಎಂದ. ಇನ್ನೊಂದು ತಂದರು. ಅದನ್ನೂ ಬೇಡವೆಂದ. ಒಡೆಯುವ ಮಡಕೆಗೆ ಇಷ್ಟು ತಕರಾರು ತೆಗೆಯುವವನ ಎದೆ ಕಲ್ಲೇ ಇರಬೇಕು ಎಂದು ಬಂದವರು ಮಾತಾಡಿಕೊಂಡರು. ಬಿಸಿಲು ಏರಿತು. ಹೆಣ ಅಂಗಳದಲ್ಲೇ ಇತ್ತು.

ಆಗ ಹೆಂಡತಿ ಎದ್ದು ಬಂದಳು. ಮಡಕೆಯನ್ನು ಅವನ ಕೈಗೆ ತುರುಕಿದಳು.

"ಮೊದಲ ದಿನವೇ ನಿಮಗೆ ಗೊತ್ತಿತ್ತು," ಎಂದಳು.

ಕುಂಬಾರ ಇಲ್ಲವೆನ್ನಲಿಲ್ಲ. ಮಡಕೆ ಹೊತ್ತುಕೊಂಡು ನಡೆದ. ಆ ಹೆಂಗಸು ಆಮೇಲೆ ಅವನೊಡನೆ ಇಪ್ಪತ್ತು ವರ್ಷ ಬಾಳಿದಳು, ಅನ್ನವನ್ನೂ ಬಡಿಸಿದಳು. ಮಾತು ಮಾತ್ರ ಆಡಲಿಲ್ಲ.

ಊರಿನವರು ತಿಳಿದದ್ದು ತಪ್ಪು. ಎದೆ ಕಲ್ಲಾಗಿದ್ದರೆ ಅವನು ಮೊದಲ ದಿನವೇ ಹೊಳೆ ದಾಟುತ್ತಿದ್ದ. ಜ್ವರವನ್ನು ಜ್ವರವೆಂದು ಒಪ್ಪಿಕೊಂಡರೆ ಈ ಮಗನೂ ಹೋದ ಹಾಗೆಯೇ ಎಂದು ಅವನಿಗೆ ಭಯವಿತ್ತು. ಮಡಕೆಯ ಬಾಯಿಯನ್ನಾದರೆ ಎರಡು ಬೆರಳಿನಲ್ಲಿ ತಿದ್ದಬಹುದು. ತನ್ನಿಂದ ತಿದ್ದಲು ಆಗುವುದನ್ನು ಹಿಡಿದುಕೊಂಡು ಕೂತ. ಅಷ್ಟು ಹೊತ್ತು ಅವನಿಗೆ ಆ ಭಯ ಕಾಣಲಿಲ್ಲ. ಅದಕ್ಕೆ ಬೆಲೆಯಾಗಿ ಅವನು ಮಗನನ್ನು ಕೊಟ್ಟ. ಅವನನ್ನು ನೆನೆದರೆ ನನಗೆ ಕನಿಕರವಾಗುತ್ತದೆ. ಕ್ಷಮಿಸು ಎಂದರೆ ಮನಸ್ಸು ಬರುವುದಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಗಿರಿಯಪ್ಪ ಹುಬ್ಬು ಗಂಟಿಕ್ಕಿದ.

"ಎಲ್ಲ ಸರಿ, ಗುರುಗಳೇ. ಆದರೆ ಹಸಿ ಮಡಕೆ ಮೂರು ನಾಲ್ಕು ದಿನದಲ್ಲಿ ಒಣಗಿ, ಸುಟ್ಟು, ನೀರು ಹೊರುವ ಹಾಗೆ ಆಗುವುದಿಲ್ಲವಲ್ಲ. ಆ ಮಡಕೆಯನ್ನು ಹೇಗೆ ತಂದುಕೊಟ್ಟರು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಗಿರಿಯಪ್ಪ, ನಿನ್ನ ತಾಯಿ ಸತ್ತಿದ್ದಾಳೆ," ಎಂದರು.