ವಟರಾಯನ ಒಂದಕ್ಷರದ ಕೂಗು

ಮೀನಿಗೆ ಕಿವಿ ಎಲ್ಲಿದೆ ಅಂತ ಮತ್ತೆ ಕೇಳಬೇಡಿ ಮಕ್ಕಳೇ. ಕತೆ ಶುರು ಮಾಡೋಕೆ ಮುಂಚೇನೇ ಹೀಗೆ ಅಡ್ಡ ಬಂದ್ರೆ ನಾನು ಹೇಳೋದು ಹೇಗೆ? ಕಿವಿ ಇದೆ, ತಲೆಯೊಳಗಿದೆ, ಹೊರಗೆ ಕಾಣಲ್ಲ. ಈ ಕತೆಯಲ್ಲಿ ಎಡವಟ್ಟಾಗಿದ್ದೇ ಮೀನುಗಳು ಚೆನ್ನಾಗಿ ಕೇಳಿಸಿಕೊಂಡಿದ್ದರಿಂದ.

ಕಾಡಿನಂಚಿನಲ್ಲಿ ಒಂದು ಕೆರೆ. ಕೆರೆಯೊಳಗೆ ಒಂದು ಕಲ್ಲು. ಕಲ್ಲಿನ ಮೇಲೆ ವಟರಾಯ ಅನ್ನೋ ಕಪ್ಪೆ. ದಡದಲ್ಲಿ ಮೀನುಗಾರರು ಕಂಡ ಕೂಡಲೇ "ಓಡ್ರೋ!" ಅಂತ ಕೂಗೋದು ಅವನ ಕೆಲಸ. ಅವನು ಕೂಗಿದ್ರೆ ಸಾಕು, ಮೀನುಗಳೆಲ್ಲ ಕಲ್ಲುಸಂದಿ ಸೇರಿಬಿಡ್ತಿದ್ದವು. ಮೀನುಗಾರರು ಖಾಲಿ ಬುಟ್ಟಿ ಹೊತ್ತು, ಕೆರೇನ ಬೈಕೊಂಡು ಹೋಗ್ತಿದ್ರು.

ಒಂದು ದಿನ ನೀರು ಕುಡಿಯೋಕೆ ಬಂದ ಪಿಕಳಾರ ಹಕ್ಕಿ ಆ ಕೂಗು ಕೇಳಿ ಮುಖ ಸಿಂಡರಿಸಿತು.

"ಏನು ರಾಯರೇ, ಬರೀ 'ಓಡ್ರೋ'? ಪ್ರಾಸ ಇಲ್ಲ, ಲಯ ಇಲ್ಲ. ದನ ಅಟ್ಟೋರೂ ಇದಕ್ಕಿಂತ ಚೆನ್ನಾಗಿ ಕೂಗ್ತಾರೆ."

ವಟರಾಯನಿಗೆ ಚುಚ್ಚಿದ ಹಾಗಾಯ್ತು. ಅವತ್ತೇ ಹಟ ಹಿಡಿದ. ಇನ್ಮೇಲೆ ತಾನು ಏನೇ ಕೂಗಿದ್ರೂ ಪದಗಳೆಲ್ಲ ಒಂದೇ ಅಕ್ಷರದಿಂದ ಶುರುವಾಗಬೇಕು! ಊಟ, ನಿದ್ದೆ ಬಿಟ್ಟು ಅಭ್ಯಾಸ ಮಾಡಿದ.

"ಕೆರೆಯ ಕಲ್ಲಲ್ಲಿ ಕೂತ ಕಪ್ಪೆ ಕರಿಮೋಡ ಕಂಡು ಕುಣೀತು!"

ಮೀನುಗಳು ಕುಣಿದಾಡಿಬಿಟ್ಟವು. ಅವು ಹೇಳಬೇಕಾಗಿದ್ದು "ಭಲೇ!" ಅಂತ. ಆದ್ರೆ ಬಾಯಿ ತುಂಬ ನೀರಿಟ್ಟುಕೊಂಡು 'ಭ' ಅನ್ನೋದು ಎಷ್ಟು ಕಷ್ಟ ಅಂತ ಬಾಯಿ ಮುಕ್ಕಳಿಸುವಾಗ ನೀವೇ ನೋಡಿ. ಹಾಗಾಗಿ ಅದು "ಬಲೇ!" ಅಂತ ಬರ್ತಿತ್ತು.

"ಬಲೇ! ಬಲೇ!" ಅಂದಳು ಎಲ್ಲರಿಗಿಂತ ಮುಂದೆ ನಿಂತಿದ್ದ ಗೆಂಡೆಮೀನು ಗೆಂಡಮ್ಮ. "ಇನ್ನೊಂದು ಆಗಲಿ ಅಣ್ಣಯ್ಯಾ! 'ತ' ಹಿಡ್ಕೊಂಡು ಹೇಳು!"

"ತಾವರೆಯ ತೊಟ್ಟು ತಾಗಿ ತಲೆ ತಿರುಗಿತು ತಂಗೀ!"

"ಬಲೇ! ಬಲೇ!"

ಏಡಿಯಕ್ಕನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಲೋ ತಮ್ಮಾ, ನಿನ್ನ ಪದ್ಯ ಚೆನ್ನಾಗೇ ಇದೆ. ಕಾವಲಿಗೆ ಕೂತಾಗ ಬೇಡ ಕಣೋ."

"ಅಕ್ಕಾ, ಅಡ್ಡ ಅಡ್ಡ ಅಲೆಯಬೇಡ!"

ಏಡಿಯಕ್ಕನಿಗೆ ಬೇರೆ ಥರ ನಡೆಯೋಕೆ ಬರ್ತಿರಲಿಲ್ಲ. ಅಡ್ಡಡ್ಡವಾಗೇ ಹೊರಟುಹೋದಳು.

ಮಾರನೇ ಬೆಳಿಗ್ಗೆ ಇಬ್ಬರು ಮೀನುಗಾರರು ಬಲೆ ಹೆಗಲಿಗೆ ಹಾಕ್ಕೊಂಡು ಬಂದ್ರು. 'ಓಡ್ರೋ' ಅನ್ನೋದು ವಟರಾಯನ ನಾಲಿಗೆ ತುದಿಗೇ ಬಂತು. ಅದನ್ನ ಗಟ್ಟಿಯಾಗಿ ನುಂಗಿಕೊಂಡ.

'ಬಲೆ... ಆಹಾ, ಬ! ಬ-ಗೆ ಪದಗಳಿಗೇನು ಬರವೇ?'

ಮೀನುಗಾರರು ಮೊಣಕಾಲುದ್ದ ನೀರಿಗಿಳಿದ್ರು. 'ಬಂಧುಗಳೇ' ಅಂತ ಶುರು ಮಾಡೋದಾ, 'ಬಳಗದವರೇ' ಅಂತಾನಾ? ಅವರು ಸೊಂಟದುದ್ದ ನೀರಿಗಿಳಿದ್ರು. 'ಬಂಧುಗಳೇ' ವಾಸಿ ಅಂತ ತೀರ್ಮಾನವಾಯ್ತು.

"ಬಂಧುಗಳೇ, ಬದಿಗೆ ಬಂದಿದೆ ಬಲುದೊಡ್ಡ ಬಲೆ! ಬಲೆ! ಬಲೆ!"

"ಬಲೇ! ಬಲೇ!" ಅಂತ ಮೀನುಗಳು ಇನ್ನೂ ಹತ್ತಿರ ಬಂದವು.

"ಬಲೆ! ಬಲೆ!"

"ಬಲೇ! ಬಲೇ!"

ಗೆಂಡಮ್ಮ ಪಕ್ಕದವಳಿಗೆ ಹೇಳಿದಳು: "ನೋಡೇ, ತನಗೆ ತಾನೇ ಬಲೇ ಅಂದ್ಕೊಳ್ತಿದ್ದಾನೆ. ಆದ್ರೂ ಇವತ್ತಿಂದು ಜೋರಾಗಿದೆ ಬಿಡು."

ಅಷ್ಟರಲ್ಲಿ ಬಲೆಯ ನೆರಳು ನೀರಿನ ಮೇಲೆ ಬಿತ್ತು. ವಟರಾಯನ ತಲೆಯಿಂದ ಎಲ್ಲ ಅಕ್ಷರಗಳೂ ಹಾರಿಹೋದವು.

"ಓಡ್ರೋ!"

ಮೀನುಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಮುಂದಿನ ಸಾಲಿನಲ್ಲಿದ್ದ ಗೆಂಡಮ್ಮನ ಮೇಲೆ ಮಾತ್ರ ಬಲೆ ಬಿದ್ದೇಬಿಡ್ತು. ಬಲೆಯ ಕಣ್ಣಿಯಲ್ಲಿ ತಲೆ ಸಿಕ್ಕಿಕೊಂಡು, ಮುಂದಕ್ಕೂ ಹೋಗಲಾರಳು, ಹಿಂದಕ್ಕೂ ಬರಲಾರಳು.

"ಅಣ್ಣಯ್ಯಾ, ಸತ್ತೆ!"

"ಸಾಯೋಕೆ ಬಿಡಲ್ಲ, ಸುಮ್ನಿರು!" ಅಂತ ವಟರಾಯ ನೀರಿಗೆ ಧುಮುಕಿದ. ಅವಳು ಸಿಕ್ಕಿಕೊಂಡಿದ್ದ ಕಣ್ಣಿಯೊಳಗೇ ತಲೆ ತೂರಿಸಿ, ಎಳೆದುಕೊಂಡಿದ್ದ ಉಸಿರನ್ನ ಬಿಡದೆ ಗಲ್ಲ ಉಬ್ಬಿಸಿದ. ದಾರ ಕತ್ತು ಕೊಯ್ಯೋ ಹಾಗಾಯ್ತು. ಬಿಡಲಿಲ್ಲ. ಹೊಟ್ಟೆಯನ್ನೂ ಉಬ್ಬಿಸಿದ. ಬಲೆ ಮೇಲೇಳತೊಡಗಿತು. ಆಗಲೂ ಬಿಡಲಿಲ್ಲ. ಪಟ್ ಅಂತ ದಾರ ಹರೀತು. ಗೆಂಡಮ್ಮ ಮೈಮೇಲಿನ ಒಂದಿಷ್ಟು ಹುರುಪೆ ಬಿಟ್ಟು ನುಣುಚಿಕೊಂಡಳು. ವಟರಾಯ ಬಲೆಯೊಳಗೇ ಉಳಿದ.

ಮೀನುಗಾರ ಬಲೆ ಕೊಡವಿ ನೋಡಿದ. "ಥೂ! ಇಷ್ಟು ದೊಡ್ಡ ಕೆರೆಗೆ ಒಂದು ಕಪ್ಪೆ!"

"ಬಲೇನೂ ಹರಿದಿದೆ ಕಣಣ್ಣ," ಅಂದ ಇನ್ನೊಬ್ಬ.

ವಟರಾಯನನ್ನ ಕಾಲು ಹಿಡಿದು ಬೀಸಿ ಎಸೆದ್ರು. ಮೆತ್ತಗಿನ ಹುಲ್ಲು ಬೇಕಾದಷ್ಟಿತ್ತು. ಅವನು ಬಿದ್ದಿದ್ದು ಮುಳ್ಳಿನ ಪೊದೆಗೆ.

ಸಂಜೆ ಕುಂಟಿಕೊಂಡು ಮನೆ ಸೇರಿದ. ಹೆಂಡತಿ ಗೊಟರವ್ವ ಅವನನ್ನ ಬೋರಲು ಮಲಗಿಸಿ ಮುಳ್ಳು ಕೀಳೋಕೆ ಕೂತಳು. ನಡೆದಿದ್ದನ್ನೆಲ್ಲ ಹೇಳಿ ಅವನು ನಿಟ್ಟುಸಿರು ಬಿಟ್ಟ. "ಪದ್ಯದ ಸಹವಾಸ ಸಾಕು ಕಣೇ. ಇನ್ಮೇಲೆ ಒಂದು ಸಾಲೂ ಹೇಳಲ್ಲ."

"ಅಯ್ಯ, ಬಿಡೋದ್ಯಾಕೆ? ಊಟ ಆದಮೇಲೆ ಹೇಳಿ, ನಾನು ಕೇಳ್ತೀನಿ," ಅಂದಳು ಗೊಟರವ್ವ. "ಕಲ್ಲಿನ ಮೇಲೆ ಕೂತಾಗ ಮಾತ್ರ, ಮದುವೆಗೆ ಮುಂಚೆ ನಾವು ಕದ್ದು ಮಾತಾಡ್ತಿದ್ದಾಗ ನಮ್ಮಪ್ಪ ಬರೋದು ಕಂಡ್ರೆ ನೀವು 'ಓಡೇ!' ಅಂತ ಹೆಂಗೆ ಕೂಗ್ತಿದ್ರೋ, ಹಂಗೆ ಕೂಗಿ."

ನೀತಿ: ಮಾತಿಗೆ ಚೆಂದ ಬೇಕು, ಆದ್ರೆ ಅಪಾಯ ಎದುರಿಗಿದ್ದಾಗ ಥಟ್ಟನೆ ಅರ್ಥ ಆಗೋ ಮಾತೇ ಚೆಂದ.